ಗರ್ಭಿಣಿಯ ರಕ್ತದ ಸಕ್ಕರೆ: ಅಳತೆಯೇ ಹೊರತು ತೀರ್ಪಲ್ಲ

ಉಷ್ಣಮಾಪಕವು ಜ್ವರ ಎಷ್ಟಿದೆಯೆಂಬುದನ್ನು ತಿಳಿಸುತ್ತದೆ. ಜ್ವರ ಬಂದವರನ್ನು ಅದು ನಿಂದಿಸುವುದಿಲ್ಲ. ತಕ್ಕಡಿಯು ಭತ್ತದ ತೂಕವನ್ನು ತಿಳಿಸುತ್ತದೆ. ಭತ್ತ ಬೆಳೆದ ರೈತನ ಶೀಲವನ್ನು ತಿಳಿಸುವುದಿಲ್ಲ. ಅಳತೆ ಬೇರೆ, ತೀರ್ಪು ಬೇರೆ ಎಂಬ ಈ ವಿವೇಕವನ್ನು ವ್ಯವಹಾರದಲ್ಲಿ ಎಲ್ಲರೂ ಬಲ್ಲರು. ಭೌತವಿಜ್ಞಾನದ ಪ್ರಯೋಗಶಾಲೆಗೆ ಕಾಲಿಡುವ ವಿದ್ಯಾರ್ಥಿಗೆ ನಾವು ಮೊದಲು ಕಲಿಸುವುದೂ ಇದನ್ನೇ. ಆದರೆ ಅಳೆಯುವ ಪದಾರ್ಥವು ಬಸುರಿಯೊಬ್ಬಳ ರಕ್ತದಲ್ಲಿರುವ ಸಕ್ಕರೆಯಾದ ಕೂಡಲೇ ಈ ವಿವೇಕವು ನಮ್ಮ ಮನೆಗಳಿಂದಲೂ, ಅನೇಕ ವೇಳೆ ಆಸ್ಪತ್ರೆಗಳಿಂದಲೂ, ಮರೆಯಾಗುತ್ತದೆ. ಚೀಟಿಯ ಮೇಲೆ ಮೂಡಿದ ಒಂದು ಸಂಖ್ಯೆಯು ಆಕೆಯ ನಾಲಗೆಯ ಚಾಪಲ್ಯಕ್ಕೆ ಸಾಕ್ಷಿಯಾಗಿ, ಆಕೆಯ ತಾಯ್ತನದ ಯೋಗ್ಯತೆಗೆ ಹಾಕಿದ ಅಂಕವಾಗಿ ಪರಿಣಮಿಸುತ್ತದೆ. ಇದರಿಂದಾಗುವ ಹಾನಿ ಮನಸ್ಸಿನ ನೋವಿನಲ್ಲಿಯೇ ಮುಗಿಯುವುದಿಲ್ಲ. ಚಿಕಿತ್ಸೆಯನ್ನೇ ಅದು ಕೆಡಿಸುತ್ತದೆ. ಇದನ್ನು ವಾಚಕರಿಗೆ ಮನಗಾಣಿಸುವುದೇ ಈ ಲೇಖನದ ಉದ್ದೇಶ.

ಗರ್ಭಧಾರಣೆಗೆ ಮೊದಲು ಮಧುಮೇಹವಿಲ್ಲದಿದ್ದ ಹೆಂಗಸಿಗೆ ಗರ್ಭಾವಧಿಯಲ್ಲಿ, ಸಾಮಾನ್ಯವಾಗಿ ಅದರ ಉತ್ತರಾರ್ಧದಲ್ಲಿ, ರಕ್ತದ ಸಕ್ಕರೆಯು ಇರಬೇಕಾದ ಮಟ್ಟಕ್ಕಿಂತ ಹೆಚ್ಚುವುದುಂಟು. ಇದಕ್ಕೆ ಗರ್ಭಾವಧಿಯ ಮಧುಮೇಹವೆಂದು ಹೆಸರು. ಬಹುಮಂದಿಯಲ್ಲಿ ಹೆರಿಗೆಯಾದ ಮೇಲೆ ಇದು ತಾನಾಗಿಯೇ ಇಳಿಯುತ್ತದೆ. ಇದಕ್ಕೆ ಹೊರಗೆ ಕಾಣುವ ಲಕ್ಷಣಗಳು ಬಹಳ ಕಡಮೆ. ಪರೀಕ್ಷಿಸಿ ನೋಡಿದ ಹೊರತು ತಿಳಿಯುವುದಿಲ್ಲ. ಆದುದರಿಂದ ಭಾರತ ಸರ್ಕಾರದ ಆರೋಗ್ಯ ಸಚಿವಾಲಯವು 2018ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ ಪ್ರತಿಯೊಬ್ಬ ಗರ್ಭಿಣಿಗೂ ಎರಡು ಸಲ ಪರೀಕ್ಷೆ ನಡೆಸಬೇಕೆಂದು ಹೇಳಿದೆ: ಮೊದಲ ಭೇಟಿಯಲ್ಲಿ ಒಮ್ಮೆ, ಆಗ ದೋಷ ಕಾಣದಿದ್ದರೆ 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ. ಚೆನ್ನೈನ ವೈದ್ಯರಾದ ವಿ. ಶೇಷಯ್ಯನವರೂ ಅವರ ಸಂಗಡಿಗರೂ ಪ್ರತಿಪಾದಿಸಿದ ಈ ಪರೀಕ್ಷೆ ಬಹಳ ಸರಳವಾದುದು. ಊಟ ಮಾಡಿದ್ದರೂ ಮಾಡದಿದ್ದರೂ ಸರಿಯೆ, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ ಎರಡು ಗಂಟೆಗಳ ತರುವಾಯ ರಕ್ತವನ್ನು ಪರೀಕ್ಷಿಸುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 140 ಮಿಲಿಗ್ರಾಂ ಅಥವಾ ಅದಕ್ಕೆ ಮೇಲಿದ್ದರೆ ಗರ್ಭಾವಧಿಯ ಮಧುಮೇಹವೆಂದು ಗೊತ್ತುಪಡಿಸುತ್ತಾರೆ. ಎರಡನೆಯ ಪರೀಕ್ಷೆಯ ಕಾಲವೂ ನಮ್ಮ ಮನೆಗಳಲ್ಲಿ ಸೀಮಂತದ ಸಿದ್ಧತೆ ನಡೆಯುವ ಕಾಲವೂ ಹೆಚ್ಚು ಕಡಮೆ ಒಂದೇ. ಹೋಳಿಗೆಗೆ ಹೂರಣ ರುಬ್ಬುವ ಹೊತ್ತಿಗೆ ಪ್ರಯೋಗಾಲಯದ ಚೀಟಿ ಮನೆಗೆ ಬರುತ್ತದೆ. ಆಗ ಹೊರಡುವ ಮೊದಲ ಪ್ರಶ್ನೆ ಒಂದೇ: “ಏನು ತಿಂದೆ?”

ಈ ಪ್ರಶ್ನೆಯೇ ತಪ್ಪು. ಏಕೆಂಬುದನ್ನು ತಿಳಿಯಲು ಊರ ಕೆರೆಯೊಂದನ್ನು ನೆನೆದುಕೊಳ್ಳೋಣ. ಕೆರೆಯ ನೀರಿನ ಮಟ್ಟವು ಹರಿದು ಬರುವ ನೀರನ್ನು ಮಾತ್ರವೇ ಅವಲಂಬಿಸಿರುವುದಿಲ್ಲ. ತೂಬಿನ ಮೂಲಕ ಹೊರಗೆ ಹೋಗುವ ನೀರನ್ನೂ ಅವಲಂಬಿಸಿರುತ್ತದೆ. ಮಳೆ ಎಂದಿನಷ್ಟೇ ಬಿದ್ದಿದ್ದರೂ ತೂಬು ಅರೆಮುಚ್ಚಿದ್ದರೆ ಮಟ್ಟ ಏರುವುದು ಸಹಜ. ನಮ್ಮ ರಕ್ತವೂ ಇಂಥದೊಂದು ಕೆರೆ. ಆಹಾರದಿಂದಲೂ ಯಕೃತ್ತಿನ ಉಗ್ರಾಣದಿಂದಲೂ ಅದಕ್ಕೆ ಸಕ್ಕರೆ ಬಂದು ಸೇರುತ್ತದೆ; ಸ್ನಾಯುಗಳೂ ಇತರ ಅಂಗಗಳೂ ಅದನ್ನು ಹೀರಿಕೊಳ್ಳುತ್ತವೆ. ಸ್ನಾಯುಗಳ ಕಡೆಗಿರುವ ತೂಬನ್ನು ತೆರೆಯುವ ಕೈ, ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್‌ಸುಲಿನ್ ಎಂಬ ಹಾರ್ಮೋನು. ಯಕೃತ್ತಿನ ಉಗ್ರಾಣವು ಅತಿಯಾಗಿ ಸುರಿಯದಂತೆ ತಡೆಯುವ ಕೈಯೂ ಅದೇ.

ಗರ್ಭವು ಬೆಳೆದಂತೆ ಮಾಸು ತನ್ನವೇ ಆದ ಹಾರ್ಮೋನುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಇವುಗಳ ಪ್ರಭಾವದಿಂದ ತಾಯಿಯ ಸ್ನಾಯುಗಳು ಇನ್‌ಸುಲಿನ್ನಿನ ಮಾತನ್ನು ಹಿಂದಿನಷ್ಟು ಕೇಳುವುದಿಲ್ಲ. ಇದು ರೋಗವಲ್ಲ, ಪ್ರಕೃತಿಯ ಏರ್ಪಾಡು. ಊಟವಾದ ಮೇಲೆ ಸಕ್ಕರೆಯು ತಾಯಿಯ ರಕ್ತದಲ್ಲಿ ಇನ್ನಷ್ಟು ಹೊತ್ತು ನಿಂತು, ಮಗುವಿಗೆ ಅದರ ಪಾಲು ಸಾಕಷ್ಟು ಸಲ್ಲಲೆಂಬುದೇ ಇದರ ಫಲ. ತೂಬು ಅರೆಮುಚ್ಚಿದುದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿಯು ಎಂದಿಗಿಂತ ಎರಡು ಮೂರು ಪಟ್ಟು ಇನ್‌ಸುಲಿನ್ ಸ್ರವಿಸಬೇಕಾಗುತ್ತದೆ. ಹೆಚ್ಚಿನವರ ಗ್ರಂಥಿ ಈ ಹೊರೆಯನ್ನು ಹೊರುತ್ತದೆ, ಕೆಲವರದು ಹೊರಲಾರದು. ಯಾರದು ಹೊರಲಾರದೆಂಬುದು ಅನುವಂಶೀಯತೆ, ವಯಸ್ಸು, ದೇಹದ ತೂಕ ಮುಂತಾದ ಹಲವು ಕಾರಣಗಳನ್ನು ಹೊಂದಿಕೊಂಡಿದೆ. ಭಾರತೀಯರಲ್ಲಿ ಇದರ ಸಂಭವವೂ ಹೆಚ್ಚು. ಬಯಕೆಯ ದಿನಗಳಲ್ಲಿ ತಿಂದ ಎರಡು ಮೈಸೂರುಪಾಕು ಇದನ್ನು ತಂದಿತೆಂಬುದು, ಕೆರೆ ತುಂಬಿದುದಕ್ಕೆ ನೆನ್ನೆ ಊರ ಹುಡುಗನು ಸುರಿದ ಬಿಂದಿಗೆ ನೀರೇ ಕಾರಣವೆಂದಂತೆ. ಬೆಳಗಿನ ಬರಿಹೊಟ್ಟೆಯ ಸಕ್ಕರೆ ಹೆಚ್ಚಾಗಿದ್ದರಂತೂ ಅದು ಬಹುಮಟ್ಟಿಗೆ ರಾತ್ರಿಯೆಲ್ಲ ಯಕೃತ್ತು ಬಿಟ್ಟ ಸಕ್ಕರೆಯೇ ಹೊರತು ಹಿಂದಿನ ರಾತ್ರಿಯ ಊಟದ ಉಳಿಕೆಯಲ್ಲ. ನಿದ್ರೆಯಲ್ಲಿದ್ದವಳನ್ನು “ಏನು ತಿಂದೆ?” ಎಂದು ಕೇಳುವುದು ನ್ಯಾಯವೆ?

ಹಾಗೆಂದು ಮಟ್ಟ ಏರಿದರೆ ಏರಲಿ ಎಂದು ಸುಮ್ಮನಿರುವಂತಿಲ್ಲ. ಸಕ್ಕರೆಯು ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್‌ಸುಲಿನ್ ದಾಟುವುದಿಲ್ಲ. ತನಗೆ ಬಂದ ಹೆಚ್ಚಿನ ಸಕ್ಕರೆಯನ್ನು ನಿಭಾಯಿಸಲು ಮಗುವಿನ ಪುಟ್ಟ ಗ್ರಂಥಿಯೇ ಹೆಚ್ಚು ಇನ್‌ಸುಲಿನ್ ಸ್ರವಿಸಬೇಕಾಗುತ್ತದೆ. ಕೋಪನ್‌ಹೇಗನ್ನಿನ ವೈದ್ಯ ಯಾರ್ಗನ್ ಪೀಡರ್ಸನ್ 1950ರ ದಶಕದಲ್ಲಿ ಮಂಡಿಸಿದ ಈ ವಿವರಣೆಯು ಇಂದಿಗೂ ಈ ವಿಷಯದ ತಳಹದಿಯಾಗಿದೆ. ಇನ್‌ಸುಲಿನ್ ಬೆಳವಣಿಗೆಯನ್ನೂ ಕೊಬ್ಬಿನ ಶೇಖರಣೆಯನ್ನೂ ಪ್ರಚೋದಿಸುವುದರಿಂದ ಮಗು ಅತಿಯಾಗಿ ದಪ್ಪವಾಗಿ, ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದು, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಹೊಕ್ಕಳುಬಳ್ಳಿ ಕತ್ತರಿಸಿದ ಕ್ಷಣದಲ್ಲಿ ತಾಯಿಯಿಂದ ಬರುವ ಸಕ್ಕರೆ ನಿಲ್ಲುತ್ತದೆ. ಮಗುವಿನ ಇನ್‌ಸುಲಿನ್ ಮಾತ್ರ ಒಡನೆಯೇ ಕಡಮೆಯಾಗುವುದಿಲ್ಲ. ಆದುದರಿಂದ ಹುಟ್ಟಿದ ಕೆಲವು ಗಂಟೆಗಳಲ್ಲಿ ಕೂಸಿನ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಹಾಲನ್ನು ಕುಡಿಸಬೇಕೆಂದು ವೈದ್ಯರು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಆ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಎಲ್ಲಿಯಾದರೂ ಉಳಿದಿದ್ದರೆ ಅದನ್ನು ಕೂಡಲೇ ಬಿಡತಕ್ಕದ್ದು.

ಈಗ ಆ ಸಂಖ್ಯೆಯನ್ನೇ ಹತ್ತಿರದಿಂದ ನೋಡೋಣ. ತುಂಬು ಗರ್ಭಿಣಿಯ ಮೈಯಲ್ಲಿ ಆರು ಲೀಟರ್ ರಕ್ತವಿದೆಯೆಂದು ಇಟ್ಟುಕೊಳ್ಳೋಣ. 100 ಮಿಲಿಲೀಟರಿಗೆ 120 ಮಿಲಿಗ್ರಾಂ ಎಂದರೆ ಅಷ್ಟೂ ರಕ್ತದಲ್ಲಿರುವ ಸಕ್ಕರೆ ಸುಮಾರು 7.2 ಗ್ರಾಂ, 140 ಎಂದರೆ 8.4 ಗ್ರಾಂ. ಊಟವಾದ ಎರಡು ಗಂಟೆಗೆ ಚಿಕಿತ್ಸೆಯ ಗುರಿಯಾದ ಮಟ್ಟಕ್ಕೂ ಅದನ್ನು ಮೀರಿ ಆತಂಕ ಹುಟ್ಟಿಸುವ ಮಟ್ಟಕ್ಕೂ ನಡುವಣ ವ್ಯತ್ಯಾಸ 1.2 ಗ್ರಾಂ, ಟೀ ಚಮಚದ ಕಾಲು ಭಾಗ! ಪರೀಕ್ಷೆಗಾಗಿ ಕುಡಿಸಿದ 75 ಗ್ರಾಂ ಗ್ಲೂಕೋಸಿನ ಮುಂದೆ ಇದು ಎಷ್ಟರದು? ಆದರೂ ಆರೋಗ್ಯವಂತ ದೇಹವು ಈ ಕಿರಿದಾದ ಮಿತಿಯೊಳಗೇ ಮಟ್ಟವನ್ನು ಕಾಯ್ದುಕೊಳ್ಳುತ್ತದೆ. ಪ್ರಯೋಗಶಾಲೆಯಲ್ಲಿ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಲು ಹೆಣಗಿದವರಿಗೆ ಈ ಕೌಶಲದ ಬೆಲೆ ತಿಳಿದೀತು. ಇಂಥ ಸೂಕ್ಷ್ಮ ಸಮತೋಲನ ಒಂದಿಷ್ಟು ತಪ್ಪಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ; ಅದಕ್ಕೆ ಶೀಲದ ಕಾರಣವನ್ನು ಹುಡುಕಬೇಕಾಗಿಯೂ ಇಲ್ಲ.

ಗಡಿಯ ರೇಖೆಯನ್ನು ಎಳೆದವರಾದರೂ ಯಾರು? ಅದನ್ನು ಎಳೆದುದು ಮನುಷ್ಯರೇ. ಬೋಸ್ಟನ್ನಿನಲ್ಲಿ ಓ’ಸಲಿವನ್ ಮತ್ತು ಮೇಹನ್ ಎಂಬಿಬ್ಬರು 752 ಗರ್ಭಿಣಿಯರ ಅಳತೆಗಳನ್ನು ಆಧರಿಸಿ 1964ರಲ್ಲಿ ಮಿತಿಗಳನ್ನು ಸೂಚಿಸಿದರು. ಅವರ ಮುಖ್ಯ ಲಕ್ಷ್ಯವಿದ್ದುದು ಮುಂದೆ ತಾಯಿಗೆ ಮಧುಮೇಹ ಬಂದೀತೆ ಎಂಬುದರ ಕಡೆಗೆ. ತರುವಾಯ ಒಂಬತ್ತು ದೇಶಗಳಲ್ಲಿ 23,000ಕ್ಕೂ ಮಿಕ್ಕ ಗರ್ಭಿಣಿಯರನ್ನು ಕುರಿತು ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಸಕ್ಕರೆ ಏರಿದಂತೆ ಮಗುವಿನ ತೂಕವೂ ಇತರ ತೊಡಕುಗಳೂ ಕ್ರಮವಾಗಿ ಏರುತ್ತವೆ. ಇಲ್ಲಿಯವರೆಗೆ ಕ್ಷೇಮ, ಇಲ್ಲಿಂದಾಚೆ ಅಪಾಯ ಎಂದು ಹೇಳಬಲ್ಲ ಮೆಟ್ಟಿಲು ಎಲ್ಲಿಯೂ ಇಲ್ಲ ಎಂದು ಅದರಿಂದ ತಿಳಿದುಬಂತು. ಆ ಅಧ್ಯಯನದ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಒಪ್ಪಿದ ಮಿತಿಗಳು, ಬರಿಹೊಟ್ಟೆಯಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ನಮ್ಮ ದೇಶದ ಪರೀಕ್ಷೆಯ ಮಿತಿ ಎರಡು ಗಂಟೆಗೆ 140. ಎರಡು ಪರೀಕ್ಷೆಗಳ ವಿಧಾನ ಬೇರೆ ಬೇರೆಯೆಂಬುದು ನಿಜ. ಆದರೂ ಎರಡು ಗಂಟೆಗೆ 145 ಬಂದ ಹೆಂಗಸು ಒಂದು ಲೆಕ್ಕದಲ್ಲಿ ರೋಗಿ, ಇನ್ನೊಂದು ಲೆಕ್ಕದಲ್ಲಿ, ಉಳಿದ ಎರಡು ಅಳತೆಗಳು ಮಿತಿಯೊಳಗಿದ್ದರೆ, ನಿರೋಗಿ.

ಇದನ್ನು ಕೇಳಿ, “ಹಾಗಾದರೆ ಇದೆಲ್ಲ ವೈದ್ಯರ ಕಲ್ಪನೆ” ಎಂದು ಯಾರೂ ತಿಳಿಯಬಾರದು. ಹಗಲು ಕಳೆದು ಇರುಳಾಗುವಾಗ ನಡುವೆ ಗೆರೆಯೇನೂ ಇರುವುದಿಲ್ಲ. ಆದರೂ ದೀಪ ಹಚ್ಚಲು ಒಂದು ಹೊತ್ತನ್ನು ಗೊತ್ತು ಮಾಡಿಕೊಳ್ಳಲೇಬೇಕು. ಒಂದು ಮನೆಯಲ್ಲಿ ಆರು ಗಂಟೆಗೆ, ಇನ್ನೊಂದರಲ್ಲಿ ಆರೂವರೆಗೆ. ಹೊತ್ತಿನ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದ ಮಾತ್ರಕ್ಕೆ ಕತ್ತಲೆ ಸುಳ್ಳಾಗುವುದಿಲ್ಲ. ರೋಗನಿರ್ಣಯದ ಮಿತಿಯೂ ದೀಪ ಹಚ್ಚುವ ಹೊತ್ತಿದ್ದಂತೆ. “ಇನ್ನು ಎಚ್ಚರದಿಂದಿರೋಣ” ಎಂಬುದಷ್ಟೇ ಅದರ ಅರ್ಥ.

ಇಲ್ಲಿ ಕನ್ನಡದ ಒಂದು ಪದದ ವಿಚಾರವನ್ನು ಹೇಳಬೇಕಾಗಿದೆ. ಅಳತೆಯಲ್ಲಿ ತಪ್ಪದೆ ಬರುವ ಏರುಪೇರಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ‘ದೋಷ’ ಎಂದು ಹೆಸರು. ದೋಷವಿಲ್ಲದ ಅಳತೆ ಪ್ರಪಂಚದಲ್ಲಿಯೇ ಇಲ್ಲ. ಮನೆಗಳಲ್ಲಿ ಅದೇ ಪದಕ್ಕೆ ಬೇರೆ ಅರ್ಥ. ಗರ್ಭಿಣಿಯ ಪಾಲಿಗೆ ಆಗುತ್ತಿರುವ ಅನ್ಯಾಯವೆಂದರೆ, ಅಳತೆಯ ದೋಷವನ್ನು ಲೆಕ್ಕಕ್ಕೆ ಹಿಡಿಯದೆ ಅವಳ ದೋಷವನ್ನು ಮಾತ್ರ ಲೆಕ್ಕ ಹಾಕುವುದು. ಮನೆಯಲ್ಲಿ ಬಳಸುವ ಗ್ಲೂಕೋಮೀಟರಿನ ನಿಖರತೆಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2013ರಲ್ಲಿ ವಿಧಿಸಿದ ನಿಯಮವನ್ನು ನೋಡಿ. ಸಕ್ಕರೆ 100 ಮತ್ತು ಅದಕ್ಕೆ ಮೇಲಿರುವಾಗ, ನೂರರಲ್ಲಿ 95 ಅಳತೆಗಳು ನಿಜವಾದ ಬೆಲೆಯಿಂದ ಶೇಕಡ 15ರೊಳಗೆ ಇದ್ದರೆ ಸಾಕು. ಅಂದರೆ ನಿಜವಾಗಿ 120 ಇರುವಲ್ಲಿ ಯಂತ್ರವು 102 ತೋರಿಸಿದರೂ 138 ತೋರಿಸಿದರೂ ಅದು ನಿಯಮಬದ್ಧವಾದ ಯಂತ್ರವೇ. ನೆನ್ನೆ 116 ಇದ್ದುದು ಇಂದು 124 ಆಯಿತೆಂದು ಕಣ್ಣೀರು ಹಾಕುವವರಿಗೆ ಈ ವಿಷಯವನ್ನು ಒಬ್ಬರಾದರೂ ಹೇಳಬೇಡವೆ? ಮಾವಿನಹಣ್ಣು ಹೆಚ್ಚಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಯಂತ್ರವು ಹಣ್ಣಿನ ಸಕ್ಕರೆಯನ್ನೂ ಸೇರಿಸಿ ಅಳೆಯುತ್ತದೆ. ಪಟ್ಟಿಗಳ ಡಬ್ಬಿಯ ಮುಚ್ಚಳ ತೆರೆದಿದ್ದರೆ ತೇವ ಹತ್ತಿ ಅಳತೆ ಕೆಡುತ್ತದೆ. ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಬೇಕೇ ಹೊರತು ಕೈ ತೊಳೆದ ಹೊತ್ತಿನಿಂದಲ್ಲ. ಒಂದು ಅಳತೆಯಿಂದ ಏನೂ ನಿರ್ಧಾರವಾಗುವುದಿಲ್ಲ. ವಾರದ ಅಳತೆಗಳ ಸಾಲನ್ನು ನೋಡಬೇಕು. ಪ್ರಯೋಗಶಾಲೆಯ ಈ ಶಿಸ್ತಿನಲ್ಲಿ ಸಮಾಧಾನವೂ ಇದೆ.

ನಾನು ಇದನ್ನು ಕೇವಲ ಓದಿ ಬರೆಯುತ್ತಿಲ್ಲ. ನನ್ನ ಎರಡನೆಯ ಬಸುರಿನ 26ನೆಯ ವಾರದಲ್ಲಿ ಎರಡು ಗಂಟೆಯ ಸಕ್ಕರೆ 158 ಬಂತು. ಚೀಟಿಯನ್ನು ಕೈಗಿತ್ತವರು, “ಸ್ವೀಟು ಜಾಸ್ತಿ ತಿಂದ್ರೇನಮ್ಮ?” ಎಂದು ನಾಲ್ಕು ಜನರ ಮುಂದೆ ಕೇಳಿದರು. ಅವರ ಮನಸ್ಸಿನಲ್ಲಿ ಕುಹಕವಿರಲಿಲ್ಲ. ಆದರೂ ಆ ಮಾತು ನನ್ನೊಡನೆ ಮನೆಯವರೆಗೆ ಬಂತು. ವಿದ್ಯಾರ್ಥಿಗಳಿಗೆ ಹತ್ತು ವರ್ಷ ಅಳತೆಯ ಪಾಠ ಹೇಳಿದವಳಿಗೇ ಅಂದು ರಾತ್ರಿ ನಿದ್ರೆ ಬರಲಿಲ್ಲವೆಂದ ಮೇಲೆ, ಯಾರೂ ವಿವರಿಸಿ ಹೇಳದ ಹತ್ತೊಂಬತ್ತು ವರ್ಷದ ಚೊಚ್ಚಲ ಬಸುರಿಯ ಪಾಡೇನು?

ಮರುದಿನದಿಂದ ಪ್ರಯೋಗದ ದಾಖಲೆ ಪುಸ್ತಕವೊಂದನ್ನು ತೆಗೆದು ನಾಲ್ಕು ಅಂಕಣ ಹಾಕಿದೆನು: ಹೊತ್ತು, ಆಹಾರ, ನಡಿಗೆ, ಅಳತೆ. ಎರಡು ವಾರಗಳಲ್ಲಿ ಒಂದು ವಿನ್ಯಾಸ ಕಾಣಿಸಿತು. ನನ್ನ ಮಟ್ಟಿಗೆ ಮಧ್ಯಾಹ್ನದ ಊಟದಿಂದ ಅಷ್ಟು ತೊಂದರೆಯಿರಲಿಲ್ಲ. ಏರುತ್ತಿದ್ದುದು ಬೆಳಗಿನ ತಿಂಡಿಯ ತರುವಾಯ. ನಾಲ್ಕು ಇಡ್ಲಿಯ ಬದಲು ಎರಡು ಇಡ್ಲಿ, ತುಂಬ ತರಕಾರಿ ಹಾಕಿದ ಸಾಂಬಾರು, ಒಂದು ಮೊಟ್ಟೆ, ಆಮೇಲೆ ಇಪ್ಪತ್ತು ನಿಮಿಷದ ನಡಿಗೆ. ಇಷ್ಟರಿಂದ ಆ ಅಂಕಣದ ಸಂಖ್ಯೆಗಳು ಇಳಿದುವು. ವಾರ ಕಳೆದ ಮೇಲೆ ನಮ್ಮ ಅತ್ತೆಯವರು ಪುಸ್ತಕವನ್ನು ತಿರುವಿ ನೋಡಿ, “ನಿನಗೊಂದು ಅಡಿಗೆ ನಮಗೊಂದು ಅಡಿಗೆ ಯಾಕಮ್ಮ? ಎಲ್ಲರೂ ಇದನ್ನೇ ಉಂಡರಾಯಿತು” ಎಂದರು. ಯಾವ ಔಷಧಿಯಿಂದಲೂ ಬಾರದಿದ್ದ ನೆಮ್ಮದಿ ಆ ಮಾತಿನಿಂದ ಬಂತು. ಅಂದಿನಿಂದ ಸಂಖ್ಯೆಯ ವಿಚಾರಣೆ ನಿಂತು, ಸಂಖ್ಯೆಯ ವಿಚಾರ ಪ್ರಾರಂಭವಾಯಿತು.

ಸಂಖ್ಯೆಯನ್ನು ತೀರ್ಪೆಂದು ತಿಳಿದ ಮನೆಗಳಲ್ಲಿ ನಡೆಯುವುದೇ ಬೇರೆ. ತೀರ್ಪಿಗೆ ಹೆದರಿದವರು ಸಾಕ್ಷಿಯನ್ನು ತಿದ್ದುತ್ತಾರೆ, ಇದು ಮನುಷ್ಯಸ್ವಭಾವ. ವೈದ್ಯರನ್ನು ಕಾಣುವ ಹಿಂದಿನ ದಿನ ಉಪವಾಸವಿದ್ದು ಚೆಂದದ ಅಳತೆಯನ್ನು ತರುವವರುಂಟು. 150ನ್ನು 115 ಎಂದು ಬರೆಯುವವರುಂಟು. ಗದರಿಕೆಗೆ ಅಂಜಿ ಪರೀಕ್ಷೆಗೇ ಹೋಗದವರೂ ಉಂಟು. ಎಲ್ಲಕ್ಕಿಂತ ದುಃಖಕರವಾದುದು, ಮಗುವಿಗಾಗಿ ಎಂದುಕೊಂಡು ಅರೆಹೊಟ್ಟೆ ಉಣ್ಣುವವರ ಸ್ಥಿತಿ. ಗರ್ಭಿಣಿ ಉಪವಾಸವಿರಬಾರದು. ಹೊಟ್ಟೆ ಬಹಳ ಹೊತ್ತು ಬರಿದಾಗಿದ್ದರೆ ದೇಹವು ಕೊಬ್ಬನ್ನು ಒಡೆದು ಕೀಟೋನುಗಳೆಂಬ ಪದಾರ್ಥಗಳನ್ನು ರಕ್ತಕ್ಕೆ ಬಿಡುತ್ತದೆ. ಮಗುವಿನ ಬೆಳವಣಿಗೆಗೆ ಬೇಕಾದ ಪೋಷಣೆಯೂ ತಪ್ಪುತ್ತದೆ. ಸಂಖ್ಯೆ ಚೆಂದವಾಗಿದ್ದು ಮಗು ಬಡವಾದರೆ ಪ್ರಯೋಜನವೇನು?

ಊಟದ ಎಲೆಯ ಮೇಲೆ ಏನಿರಬೇಕೆಂಬುದು ಅಂಥ ರಹಸ್ಯವೇನೂ ಅಲ್ಲ. ದಿನದ ಆಹಾರವನ್ನು ಮೂರು ಮಿತವಾದ ಊಟ, ಎರಡು ಮೂರು ಸಣ್ಣ ಉಪಾಹಾರಗಳಾಗಿ ಹಂಚಿಕೊಳ್ಳಬೇಕು. ಅನ್ನವನ್ನು ಬಿಡಬೇಕಾಗಿಲ್ಲ, ಅಳೆದು ಬಡಿಸಿಕೊಳ್ಳಬೇಕು. ಎಲೆಯ ಅರ್ಧದಷ್ಟು ಪಲ್ಯ, ಸೊಪ್ಪು, ಕೋಸಂಬರಿಗಳಿರಲಿ. ಬೇಳೆ, ಕಾಳು, ಮಜ್ಜಿಗೆ, ರೂಢಿಯಿದ್ದವರಿಗೆ ಮೊಟ್ಟೆ, ಮೀನು ಜೊತೆಗಿರಲಿ. ನಾರೂ ಸಸಾರಜನಕವೂ ಸೇರಿದಾಗ ಪಿಷ್ಟವು ನಿಧಾನವಾಗಿ ಸಕ್ಕರೆಯಾಗುತ್ತದೆ. ಕೆರೆಗೆ ನೀರು ಪ್ರವಾಹವಾಗಿ ನುಗ್ಗದೆ ಕಾಲುವೆಯಾಗಿ ಹರಿಯುತ್ತದೆ. ಇಲ್ಲಿ ಮೂರು ಭ್ರಮೆಗಳನ್ನು ಕಳೆದುಕೊಳ್ಳಬೇಕು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚಾಗಿರುವುದು ನಿಜ; ಆದರೆ ಅದೂ ಬಹುಪಾಲು ಪಿಷ್ಟವೇ. ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಇಳಿಯುವುದಿಲ್ಲ. ಬೆಲ್ಲವು ಬಣ್ಣ ಬೇರೆಯಾದ ಸಕ್ಕರೆಯೇ. ಜೇನುತುಪ್ಪಕ್ಕೂ ಈ ವಿಷಯದಲ್ಲಿ ವಿನಾಯಿತಿಯಿಲ್ಲ. ಹಣ್ಣು ತಿನ್ನುವುದೂ ಹಣ್ಣಿನ ರಸ ಕುಡಿಯುವುದೂ ಒಂದೇ ಅಲ್ಲ. ರಸದಲ್ಲಿ ನಾರು ಕಳೆದು ಸಕ್ಕರೆ ಉಳಿಯುತ್ತದೆ. ವೈದ್ಯರು ಬೇಡವೆಂದು ಹೇಳದಿದ್ದರೆ ಊಟದ ತರುವಾಯ ಹತ್ತಿಪ್ಪತ್ತು ನಿಮಿಷ ನಡೆಯುವುದು ಬಹಳ ಒಳ್ಳೆಯದು. ಕೆಲಸ ಮಾಡುವ ಸ್ನಾಯುವು ಇನ್‌ಸುಲಿನ್ನಿನ ಅಪ್ಪಣೆಯನ್ನು ಕಾಯದೆಯೂ ಸಕ್ಕರೆಯನ್ನು ಹೀರಿಕೊಳ್ಳಬಲ್ಲುದು. ಅರೆಮುಚ್ಚಿದ ತೂಬಿನ ಪಕ್ಕದಲ್ಲಿ ಇದೊಂದು ಕಿರುದಾರಿ. ಸೀಮಂತದಲ್ಲಿ ಮಡಿಲು ತುಂಬುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹತ್ತು ಕೈಗಳು ಹತ್ತು ತುತ್ತು ಸಿಹಿ ತಿನ್ನಿಸುವುದನ್ನು ಮಾತ್ರ ಬಿಟ್ಟು, ಹೂವು, ಹಣ್ಣು, ಬಳೆಗಳಿಂದ ಆಕೆಯನ್ನು ಹರಸಬಹುದಷ್ಟೆ.

ಎರಡು ವಾರದ ಪಥ್ಯ ಮತ್ತು ನಡಿಗೆಯಿಂದ ಮಟ್ಟ ಇಳಿಯದಿದ್ದರೆ ವೈದ್ಯರು ಮೆಟ್‌ಫಾರ್ಮಿನ್ ಮಾತ್ರೆಯನ್ನೋ ಇನ್‌ಸುಲಿನ್ನನ್ನೋ ಸೂಚಿಸುತ್ತಾರೆ. ಇನ್‌ಸುಲಿನ್ ಎಂದ ಕೂಡಲೇ ಮನೆಯಲ್ಲಿ ಸೂತಕದ ಛಾಯೆ ಕವಿಯುವುದನ್ನು ನೋಡಿದ್ದೇನೆ. “ಇಷ್ಟೂ ಪಥ್ಯ ಮಾಡಲಾಗಲಿಲ್ಲವೆ?” ಎಂಬ ಮಾತು ಬೇರೆ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇದನ್ನು ಬೇರ್ಪಡಿಸುವುದಕ್ಕೆ ಮುಂಚೆ ಮಧುಮೇಹವಿದ್ದ ಗರ್ಭಿಣಿಗೂ ಅವಳ ಮಗುವಿಗೂ ಪ್ರಾಣಾಪಾಯ ಬಹಳವಾಗಿತ್ತು. ಮೇದೋಜೀರಕ ಗ್ರಂಥಿಗೆ ಹೊರಲಾಗದ ಹೊರೆಗೆ ಹೊರಗಿನಿಂದ ಹೆಗಲು ಕೊಡುವುದು ಸೋಲು ಹೇಗಾದೀತು? ಚುಚ್ಚಿದ ಇನ್‌ಸುಲಿನ್ ಗಣನೀಯ ಪ್ರಮಾಣದಲ್ಲಿ ಮಾಸನ್ನು ದಾಟುವುದಿಲ್ಲವಾದ ಕಾರಣ ಮಗುವಿಗೆ ಅದರಿಂದ ಭಯವಿಲ್ಲ. ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ಬಹುಮಂದಿಗೆ ಅದರ ಅಗತ್ಯವೂ ಉಳಿಯುವುದಿಲ್ಲ.

ಇಲ್ಲೊಂದು ಆಕ್ಷೇಪಣೆ ಬರಬಹುದು. “ಅಳತೆಯಲ್ಲಿ ದೋಷವಿದೆ, ಗಡಿ ಮನುಷ್ಯಕೃತ ಎಂದೆಲ್ಲ ಹೇಳಿದರೆ ಜನ ಅಸಡ್ಡೆ ಮಾಡುವುದಿಲ್ಲವೆ? ಸ್ವಲ್ಪ ಹೆದರಿಸುವುದೇ ಒಳ್ಳೆಯದಲ್ಲವೆ?” ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ವಿರುದ್ಧವಾದ ಆಕ್ಷೇಪಣೆಯೂ ಉಂಟು: ಹೆಸರಿಟ್ಟು ಹೇಳುವುದರಿಂದಲೇ ಆತಂಕ, ತಿಳಿಸದಿರುವುದೇ ಮೇಲು ಎಂಬುದು. ಎರಡಕ್ಕೂ ಉತ್ತರವಾಗಬಲ್ಲ ಒಂದು ಪ್ರಯೋಗ ನಡೆದಿದೆ. ಆಸ್ಟ್ರೇಲಿಯ ಮತ್ತು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಗರ್ಭಾವಧಿಯ ಸಕ್ಕರೆ ಸೌಮ್ಯವಾಗಿ ಏರಿದ್ದ 1000 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಿಷಯ ತಿಳಿಸಿ ಪಥ್ಯ, ಅಳತೆ, ಬೇಕಾದವರಿಗೆ ಇನ್‌ಸುಲಿನ್ ಕೊಟ್ಟರು. ಇನ್ನೊಂದು ಗುಂಪಿಗೆ ಎಂದಿನ ಆರೈಕೆಯನ್ನು ಮಾತ್ರ ನೀಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮಕ್ಕಳಿಗೆ ಸಂಭವಿಸಿದ ಗುರುತರ ತೊಂದರೆಗಳು ಎರಡನೆಯ ಗುಂಪಿನಲ್ಲಿ ಶೇಕಡ 4, ಮೊದಲನೆಯದರಲ್ಲಿ ಶೇಕಡ 1. ಅಷ್ಟೇ ಅಲ್ಲ, ಹೆರಿಗೆಯಾದ ಮೂರು ತಿಂಗಳಿಗೆ ತಾಯಂದಿರ ಮನಸ್ಥಿತಿಯನ್ನು ವಿಚಾರಿಸಿದಾಗ, ಖಿನ್ನತೆಯ ಸೂಚನೆಗಳು ತಿಳಿವಳಿಕೆ ಮತ್ತು ಚಿಕಿತ್ಸೆ ಪಡೆದವರಲ್ಲಿಯೇ ಕಡಮೆಯಾಗಿದ್ದುವು. ಇದರಿಂದ ನಾನು ತೆಗೆಯುವ ತಾತ್ಪರ್ಯವಿಷ್ಟು: ಮನಸ್ಸನ್ನು ಕುಗ್ಗಿಸುವುದು ತಿಳಿವಳಿಕೆಯಲ್ಲ; ಆಸರೆಯಿಲ್ಲದ ತಿಳಿವಳಿಕೆ. ಸಂಖ್ಯೆಯ ಜೊತೆಗೆ ಅದರ ಅರ್ಥವನ್ನೂ ಮುಂದೇನು ಮಾಡಬೇಕೆಂಬುದನ್ನೂ ಕೊಟ್ಟರೆ ಹೆದರಿಸುವ ಅಗತ್ಯವೂ ಇಲ್ಲ, ಮುಚ್ಚಿಡುವ ಅಗತ್ಯವೂ ಇಲ್ಲ. ಇಷ್ಟಾದರೂ ದಿನಗಟ್ಟಲೆ ಅಳು, ನಿದ್ರಾಹೀನತೆ, ಯಾವುದರಲ್ಲಿಯೂ ಮನಸ್ಸಿಲ್ಲದಿರುವುದು ಕಂಡುಬಂದರೆ, ಬಸುರಿಯ ಸಹಜ ಸ್ವಭಾವವೆಂದು ತಳ್ಳಿಹಾಕದೆ ಅದನ್ನೂ ವೈದ್ಯರಿಗೆ ತಿಳಿಸಬೇಕು.

ಈ ವಿಷಯದಲ್ಲಿ ನಮ್ಮ ದೊಡ್ಡ ಉಪೇಕ್ಷೆಯಿರುವುದು ಹೆರಿಗೆಯ ತರುವಾಯ. ಮಗು ಹುಟ್ಟಿತು, ಸಕ್ಕರೆ ಇಳಿಯಿತು, ತೀರ್ಪು ರದ್ದಾಯಿತು ಎಂದು ಎಲ್ಲರೂ ಮರೆಯುತ್ತಾರೆ. ಅಳತೆಯೆಂದು ತಿಳಿದಿದ್ದರೆ ಹೀಗೆ ಮರೆಯುತ್ತಿರಲಿಲ್ಲ. ಅದು ಮುಂದಿನದನ್ನು ಹೇಳುತ್ತಿತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷೆಗೊಳಗಾದ ಗರ್ಭಿಣಿಯರನ್ನು ಐದು ವರ್ಷಗಳ ತರುವಾಯ ಮತ್ತೆ ಪರೀಕ್ಷಿಸಿದ ಅಧ್ಯಯನವು 2007ರಲ್ಲಿ ಪ್ರಕಟವಾಯಿತು. ಗರ್ಭಾವಧಿಯಲ್ಲಿ ಸಕ್ಕರೆ ಏರದಿದ್ದವರಲ್ಲಿ ನೂರಕ್ಕೆ 2 ಮಂದಿಗೆ ಮಧುಮೇಹ ಬಂದಿತ್ತು. ಏರಿದ್ದವರಲ್ಲಿ ನೂರಕ್ಕೆ 37 ಮಂದಿಗೆ! ನಮ್ಮದೇ ಊರಿನ, ನಮ್ಮದೇ ಅಡಿಗೆಯುಂಡ ಹೆಂಗಸರ ಲೆಕ್ಕವಿದು. ಆದರೆ ಇದೂ ತೀರ್ಪಲ್ಲ. ಅಮೆರಿಕದಲ್ಲಿ ನಡೆದ ಮಧುಮೇಹ ನಿರೋಧದ ದೊಡ್ಡ ಪ್ರಯೋಗದಲ್ಲಿ, ಹಿಂದೆ ಗರ್ಭಾವಧಿಯ ಮಧುಮೇಹವಿದ್ದು ಅಪಾಯದ ಅಂಚಿನಲ್ಲಿದ್ದ ಹೆಂಗಸರು ಆಹಾರ, ವ್ಯಾಯಾಮ ಮತ್ತು ತೂಕದ ನಿಯಮದಿಂದ ರೋಗದ ಸಂಭವವನ್ನು ಸುಮಾರು ಅರ್ಧಕ್ಕೆ ಇಳಿಸಿಕೊಂಡರು. ಮೊದಲೇ ತಿಳಿದವರಿಗೆ ಮಾತ್ರ ಸಿಗುವ ಅವಕಾಶವಿದು.

ಹೆರಿಗೆಯಾದ ಆರನೆಯ ವಾರದಲ್ಲಿ 75 ಗ್ರಾಂ ಗ್ಲೂಕೋಸಿನ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕೆಂದು ಸರ್ಕಾರದ ಮಾರ್ಗದರ್ಶಿಯಲ್ಲಿಯೂ ಇದೆ. ಬಾಣಂತಿಯರು ಬರುವುದಿಲ್ಲ ಎಂಬುದು ಆಸ್ಪತ್ರೆಗಳ ದೂರು. ಬರುವುದಾದರೂ ಹೇಗೆ? ಗಂಡನ ಮನೆಯ ಊರಿನಲ್ಲಿ ಪರೀಕ್ಷೆ, ತವರಿನಲ್ಲಿ ಹೆರಿಗೆ. ಒಂದು ಕಡೆಯ ಚೀಟಿ ಇನ್ನೊಂದು ಕಡೆಗೆ ತಲಪುವುದೇ ಇಲ್ಲ. ಮಗುವಿನ ಸಂಭ್ರಮದಲ್ಲಿ ತಾಯಿಯ ನೆನಪೂ ಇರುವುದಿಲ್ಲ. ಆದರೆ ಅದೇ ಆರನೆಯ ವಾರದಲ್ಲಿ ಮಗುವಿಗೆ ಲಸಿಕೆ ಹಾಕಿಸಲು ತಾಯಂದಿರು ಕೂಸನ್ನೆತ್ತಿಕೊಂಡು ಬಂದೇ ಬರುತ್ತಾರೆ. ಆ ದಿನವೇ ತಾಯಿಯ ಪರೀಕ್ಷೆಯನ್ನೂ ಇಟ್ಟುಕೊಳ್ಳಬಾರದೇಕೆ? ಬರಿಹೊಟ್ಟೆಯಲ್ಲಿ ಬರಬೇಕೆಂದು ಆಶಾ ಕಾರ್ಯಕರ್ತೆ ಮುಂಚಿತವಾಗಿ ತಿಳಿಸಲಿ. ಎರಡು ಗಂಟೆ ಕಾಯಬೇಕಾದ ಬಾಣಂತಿಗೆ ಕುಳಿತು ಹಾಲೂಡಿಸಲು ಒಂದು ಮರೆಯೂ, ಕೂಸನ್ನು ಎತ್ತಿಕೊಳ್ಳಲು ಮನೆಯವರೊಬ್ಬರೂ ಇರಲಿ. ಪರೀಕ್ಷೆಯ ದಿನಾಂಕವನ್ನು ಹೆರಿಗೆಗೆ ಮೊದಲೇ ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದುಬಿಟ್ಟರೆ ತವರಿನ ಆಸ್ಪತ್ರೆಗೂ ಅದು ಕಾಣುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಎರಡು ಇಲಾಖೆಗಳ ದಿನಚರಿಯನ್ನು ಹೊಂದಿಸಿದರೆ ಸಾಕು.

ಮನೆಯವರಲ್ಲಿ ನನ್ನ ಬಿನ್ನಹ ಇನ್ನೂ ಸುಲಭವಾದುದು. ಚೀಟಿ ಬಂದ ದಿನ “ಏನು ತಿಂದೆ?” ಎಂಬ ಪ್ರಶ್ನೆಯನ್ನು ಬಿಟ್ಟು, “ನಾಳೆ ಎಲ್ಲರೂ ಏನು ಉಣ್ಣೋಣ?” ಎಂದು ಕೇಳಿ. ಊಟವಾದ ಮೇಲೆ ಅವಳೊಡನೆ ಬೀದಿಯ ತುದಿಯವರೆಗೆ ನಡೆದು ಬನ್ನಿ. ಪತಿಯಾದವನು ಅಳತೆಯ ಪುಸ್ತಕವನ್ನು ತಾನು ಬರೆಯಲಿ. ಸಂಖ್ಯೆ ಹೆಚ್ಚು ಬಂದ ದಿನವೂ ಇದ್ದುದನ್ನು ಇದ್ದಂತೆ ಬರೆಯಲಿ. ಮಗುವಿನ ಆರನೆಯ ವಾರದ ಲಸಿಕೆಯಂದು ತಾಯಿಯ ಪರೀಕ್ಷೆಯನ್ನೂ, ಆಮೇಲೆ ವರ್ಷಕ್ಕೊಮ್ಮೆ ಅದೇ ಪರೀಕ್ಷೆಯನ್ನೂ ಮರೆಯದೆ ಮಾಡಿಸಿ.